ಆಫೀಸಿಗೆ ಸೈಕಲ್: ತುಳಿದು ನೋಡಿದ ನಾಲ್ಕರಲ್ಲಿ ಉಳಿದದ್ದು ಯಾವುದು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಆಫೀಸು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ಹೆಚ್ಚುಕಮ್ಮಿ 8 ಕಿಮೀ ದಾರಿ. ಆರು ವರ್ಷ ಸ್ಕೂಟರಿನಲ್ಲೇ ಓಡಾಡಿದೆ, 22 ನಿಮಿಷ ಹಿಡಿಯುತ್ತಿತ್ತು. ಕಳೆದ ವರ್ಷ ಜನವರಿಯಲ್ಲಿ ಸೈಕಲ್ಲಿಗೆ ಬದಲಾಗಬೇಕು ಅಂತ ಮನಸ್ಸು ಮಾಡಿದೆ. ಆದರೆ ಯಾವ ಸೈಕಲ್? ಕೇಳಿದವರೆಲ್ಲ ಒಂದೊಂದು ಹೇಳಿದರು. ಹೆಚ್ಚಿನವರು ಗೇರಿನ ಬಗ್ಗೆಯೇ ಮಾತಾಡಿದರು. ಚೂಡಿದಾರ್ ಹಾಕಿಕೊಂಡು, ಊಟದ ಡಬ್ಬಿ ಇಟ್ಟುಕೊಂಡು, ಬೆವರು ಸುರಿಸದೆ ಒಂಬತ್ತೂವರೆಗೆ ಸೀಟಿನಲ್ಲಿ ಕೂರಬೇಕು ಅನ್ನುವವರಿಗೆ ಯಾವುದು ಸರಿ ಅಂತ ಯಾರೂ ಹೇಳಲಿಲ್ಲ. ಹಾಗಾಗಿ ಸಿಕ್ಕಿದ್ದನ್ನೆಲ್ಲ ತುಳಿದು ನೋಡಿದೆ.

ಮೊದಲನೆಯದು ನನ್ನದೇ ಹಳೆಯ ಲೇಡೀಸ್ ಸೈಕಲ್. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಸರ್ಕಾರದ ಯೋಜನೆ 2006-07ರಲ್ಲಿ ಶುರುವಾಯಿತಲ್ಲ, ನನಗೆ 2009ರಲ್ಲಿ ಸಿಕ್ಕಿತ್ತು. ಹತ್ತನೇ ತರಗತಿ ಮುಗಿಯೋವರೆಗೂ ಅದರಲ್ಲೇ ಸ್ಕೂಲಿಗೆ ಹೋಗಿದ್ದೆ. ಆಮೇಲೆ ನಂಜನಗೂಡಿನ ಹತ್ತಿರದ ನಮ್ಮೂರಿನ ಹಿತ್ತಲಲ್ಲಿ ನಿಂತಿತ್ತು. ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಟೈರು, ಟ್ಯೂಬು, ಬ್ರೇಕಿನ ರಬ್ಬರು ಹೊಸದು, ಎರಡೂ ಚಕ್ರದ ಬೆಂಡ್ ತೆಗೆಸಿದ್ದು, ಎಲ್ಲ ಸೇರಿ 1,600 ರೂಪಾಯಿ ಆಯಿತು.

ಮೊದಲ ವಾರವೇ ಇದರ ಬೆಲೆ ಗೊತ್ತಾಯಿತು. ಅಡ್ಡ ಕಂಬಿ ಇಲ್ಲ, ಚೂಡಿದಾರಿನಲ್ಲೂ ಆರಾಮಾಗಿ ಹತ್ತಿ ಇಳಿಯಬಹುದು. ಚೈನಿಗೆ ಪೂರ್ತಿ ಕವರ್ ಇದೆ, ಪ್ಯಾಂಟಿಗೆ ಒಂದು ಚುಕ್ಕೆ ಗ್ರೀಸೂ ತಾಗುವುದಿಲ್ಲ. ಮಡ್‌ಗಾರ್ಡ್ ಇದೆ. ಡಬ್ಬಿಗೆ ಮುಂದೆ ಬುಟ್ಟಿ, ಬ್ಯಾಗಿಗೆ ಹಿಂದೆ ಕ್ಯಾರಿಯರ್. ಬೆನ್ನ ಮೇಲೆ ಬ್ಯಾಗ್ ಇಲ್ಲದಿದ್ದರೆ ಎಷ್ಟು ಕಡಿಮೆ ಬೆವರುತ್ತೇವೆ ಅನ್ನೋದು ತುಳಿದ ಮೇಲೇ ಗೊತ್ತಾಗೋದು.

ಕಷ್ಟವಾಗಿದ್ದು ಏರಿನಲ್ಲಿ. ಮೈಸೂರು ಸಪಾಟು ಅಂತ ಸ್ಕೂಟರಿನವರಿಗೆ ಅನ್ನಿಸುತ್ತದೆ. ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಹುಣಸೂರು ರಸ್ತೆಗೆ ಏರುವಾಗ ನನ್ನ ಮಂಡಿಗೆ ಬೇರೆಯೇ ಗೊತ್ತಾಯಿತು. ಎರಡನೇ ವಾರ ಬಲಗಾಲಿನ ಮಂಡಿ ನೋಯತೊಡಗಿತು. ಸೈಕಲ್ ಶಾಪಿನ ಹಿರಿಯರು ನಾನು ತುಳಿಯೋದನ್ನು ಒಂದು ಸಲ ನೋಡಿದರು. "ಸೀಟು ಎಷ್ಟು ಕೆಳಗಿಟ್ಟಿದ್ದೀಯಮ್ಮ, ಮಗು ಥರ!" ಅಂದರು. ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರಕ್ಕೆ ಸೀಟು ಏರಿಸಿದರು. ನಾನು ಎರಡೂ ಕಾಲು ನೆಲಕ್ಕೆ ಪೂರ್ತಿ ತಾಗಲಿ ಅಂತ ಕೆಳಗಿಟ್ಟುಕೊಂಡಿದ್ದೆ. ಹೊಸಬರಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ, ಮಂಡಿ ಹಾಳಾಗುತ್ತದೆ.

ಅವರೇ ಇನ್ನೊಂದು ಉಪಾಯವನ್ನೂ ಹೇಳಿದರು. ನನ್ನ ಸೈಕಲ್ಲಿನಲ್ಲಿ ಚೈನು ಕೂರುವ ಹಲ್ಲುಚಕ್ರಕ್ಕೆ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5 ಮೀಟರ್ ಹೋಗುತ್ತದೆ. ಹಿಂದಿನ ಹಲ್ಲುಚಕ್ರ, ಅಂದರೆ ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಿ, ಚೈನಿಗೆ ಒಂದು ಕೊಂಡಿ ಸೇರಿಸಿದರು. ಈಗ ಒಂದು ಸುತ್ತಿಗೆ 4 ಮೀಟರ್ ಚಿಲ್ಲರೆ. ವೇಗ ಸ್ವಲ್ಪ ಕಡಿಮೆಯಾಯಿತು, ಕಾಲಿಗೆ ಬಹಳ ಹಗುರವಾಯಿತು. ಅರ್ಧ ಗಂಟೆಯ ಕೆಲಸ. ಗೇರ್ ಸೈಕಲ್ ಕೊಳ್ಳೋಕೆ ಆಗದವರು ಮೊದಲು ಇದೊಂದನ್ನು ಮಾಡಿಸಿ ನೋಡಿ. ಆಫೀಸಿಗೆ 38 ನಿಮಿಷ ಬೇಕಾಗುತ್ತಿತ್ತು, ಆದರೂ ನನಗೆ ಇದೇ ಸಾಕು ಅನ್ನಿಸಿತ್ತು.

ನಡುವೆ ಒಂದು ವಾರ ತಮ್ಮನ ಗೇರ್ ಸೈಕಲ್ ತೆಗೆದುಕೊಂಡು ಹೋಗಿದ್ದೆ. ದಪ್ಪ ಗುಬುಟು ಟೈರು, ಮುಂದೆ ಸಸ್ಪೆನ್ಷನ್, 21 ಗೇರು. "ಅಕ್ಕ, ಗುಂಡಿ ಗೊತ್ತೇ ಆಗಲ್ಲ, ತಗೊಂಡು ಹೋಗು" ಅಂದಿದ್ದ. ಗುಂಡಿ ಗೊತ್ತಾಗಲಿಲ್ಲ, ನಿಜ. ಆದರೆ ಟಾರು ರಸ್ತೆಯಲ್ಲಿ ಆ ಟೈರು ಹಿಡಿದು ಎಳೆದ ಹಾಗಾಗುತ್ತದೆ. ಏರಿನಲ್ಲಿ ಜೋರಾಗಿ ತುಳಿದರೆ ಮುಂದಿನ ಸ್ಪ್ರಿಂಗ್ ಮೇಲೆ ಕೆಳಗೆ ಆಡುತ್ತದೆ, ನಮ್ಮ ಶಕ್ತಿ ಅದಕ್ಕೇ ಹೋಗುತ್ತದೆ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನಿಗೆ ಕವರ್ ಇಲ್ಲ. ಮೂರನೇ ದಿನ ನನ್ನ ವೇಲು ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತು. ನಿಧಾನಕ್ಕೆ ಹೋಗುತ್ತಿದ್ದೆ, ಹಾಗಾಗಿ ಬಚಾವಾದೆ. 36 ನಿಮಿಷ. ಅಂದರೆ ನನ್ನ ಹಳೆ ಸೈಕಲ್ಲಿಗಿಂತ ಬರೀ ಎರಡು ನಿಮಿಷ ಬೇಗ! ಚಾಮುಂಡಿ ಬೆಟ್ಟದ ಮಣ್ಣು ದಾರಿಗೆ ತಮ್ಮನಿಗೆ ಅದು ಸರಿ. ಆಫೀಸಿಗೆ ಬೇಡ.

ಹಳೆ ಸೈಕಲ್ಲಲ್ಲೇ ಮುಂದುವರಿಯುತ್ತಿದ್ದೆನೋ ಏನೋ, ಮೇ ತಿಂಗಳ ಒಂದು ಸಂಜೆ ಮಳೆ ಬಂತು. ಮೈಸೂರಿನ ಮೇ ಮಳೆ ಹೇಗಿರುತ್ತದೆ ಗೊತ್ತಲ್ವಾ, ನಾಲ್ಕು ಗಂಟೆವರೆಗೂ ಬಿಸಿಲು, ಐದೂವರೆಗೆ ಸುರಿಮಳೆ. ಕೆರೆಯ ಕಡೆಗಿನ ಇಳಿಜಾರಿನಲ್ಲಿ ಇಳಿಯುತ್ತಿದ್ದೆ. ಮುಂದೆ ಹೋಗುತ್ತಿದ್ದ ಆಟೋ ನಿಂತಿತು. ಎರಡೂ ಬ್ರೇಕ್ ಹಿಡಿದೆ. ಹಿಡಿ ಪೂರ್ತಿ ಒಳಗೆ ಬಂತು, ಸೈಕಲ್ ಮಾತ್ರ ಹೋಗುತ್ತಲೇ ಇತ್ತು. ಚಪ್ಪಲಿ ಎರಡನ್ನೂ ನೆಲಕ್ಕೆ ಉಜ್ಜಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಆಟೋದಿಂದ ಒಂದು ಮೊಳ ದೂರದಲ್ಲಿ ನಿಂತೆ. ಕೈ ನಡುಗುತ್ತಿತ್ತು. ಅಲ್ಲಿಂದ ಮನೆವರೆಗೂ ತಳ್ಳಿಕೊಂಡೇ ಬಂದೆ.

ಮಾರನೇ ದಿನ ಶಾಪಿನವರು ವಿವರಿಸಿದರು. ಹಳೆಯ ಕಾಲದ ಸೈಕಲ್ಲುಗಳಿಗೆ ಉಕ್ಕಿನ ರಿಮ್ ಇರುತ್ತದೆ, ಮೇಲೆ ನುಣುಪಾದ ಲೇಪ. ಒದ್ದೆಯಾದರೆ ಬ್ರೇಕಿನ ರಬ್ಬರು ಅದರ ಮೇಲೆ ಜಾರುತ್ತದೆ. ರಬ್ಬರು ಹೊಸದಾದರೂ ಅಷ್ಟೇ. ಅಲ್ಯೂಮಿನಿಯಂ ರಿಮ್ ಒದ್ದೆಯಲ್ಲೂ ಇದಕ್ಕಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಇದು ತಿಳಿದ ಮೇಲೆ ನನ್ನ ಲೆಕ್ಕ ಬದಲಾಯಿತು. ಉಳಿದದ್ದೆಲ್ಲ ಹೊಂದಿಸಿಕೊಳ್ಳಬಹುದು, ಬ್ರೇಕ್ ವಿಷಯದಲ್ಲಿ ಆಗುವುದಿಲ್ಲ.

ಹಾಗಾಗಿ ಜೂನಿನಲ್ಲಿ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ (ರೋಡ್ ಸೈಕಲ್ಲಿಗೂ ಗುಡ್ಡದ ಸೈಕಲ್ಲಿಗೂ ನಡುವಿನದು) ಒಂದನ್ನು 9,000ಕ್ಕೆ ಕೊಂಡೆ. ಎತ್ತರದ ಚಕ್ರ, ಅಷ್ಟೇನೂ ದಪ್ಪವಲ್ಲದ ನುಣ್ಣನೆ ಟೈರು, ಸಸ್ಪೆನ್ಷನ್ ಇಲ್ಲ, ಅಲ್ಯೂಮಿನಿಯಂ ರಿಮ್, ಅದನ್ನು ಎರಡೂ ಪಕ್ಕದಿಂದ ಒತ್ತಿ ಹಿಡಿಯುವ ವಿ-ಬ್ರೇಕ್. ತೂಕ 13 ಕೆಜಿ ಆಸುಪಾಸು. ಅಡ್ಡ ಕಂಬಿ ಇಳಿಜಾರಾಗಿರುವುದನ್ನೇ ಹುಡುಕಿ ತೆಗೆದುಕೊಂಡೆ. ಬಂದಾಗ ಇದೂ ಬೋಳಾಗಿಯೇ ಇತ್ತು. ಮೊದಲ ದಿನವೇ ಮಡ್‌ಗಾರ್ಡ್, ಕ್ಯಾರಿಯರ್, ಸೈಡ್ ಸ್ಟ್ಯಾಂಡ್, ಬೆಲ್ಲು, ಹಿಂದೆ ಕೆಂಪು ಲೈಟು ಹಾಕಿಸಿದೆ. ಇನ್ನೊಂದು 1,800 ಖರ್ಚಾಯಿತು. ಗೇರ್ ಇದ್ದುದರಿಂದ ಚೈನಿಗೆ ಪೂರ್ತಿ ಕವರ್ ಹಾಕಲಾಗಲಿಲ್ಲ. ಬಲಗಾಲಿನ ಪ್ಯಾಂಟಿಗೆ ಒಂದು ವೆಲ್ಕ್ರೋ ಪಟ್ಟಿ ಸುತ್ತಿಕೊಳ್ಳುತ್ತೇನೆ. ವೇಲು ಬ್ಯಾಗಿನೊಳಗೆ.

30 ನಿಮಿಷಕ್ಕೆ ಆಫೀಸು ತಲುಪುತ್ತೇನೆ. ಸ್ಕೂಟರಿಗಿಂತ ಬರೀ ಎಂಟು ನಿಮಿಷ ಜಾಸ್ತಿ. ಗೇರುಗಳಲ್ಲಿ ನಿಜವಾಗಿ ಬಳಸುವುದು ನಾಲ್ಕೈದು ಮಾತ್ರ. ಇದರ ಉಪಕಾರ ತಿಳಿದಿದ್ದು ಆಷಾಢದ ಗಾಳಿಗೆ. ಆ ತಿಂಗಳು ಪಡುವಣದಿಂದ ಬೀಸುವ ಗಾಳಿ ಹುಣಸೂರು ರಸ್ತೆಯಲ್ಲಿ ಎದೆಗೇ ಒತ್ತುತ್ತದೆ. ಎರಡು ಗೇರು ಇಳಿಸಿ, ಸ್ವಲ್ಪ ಬಗ್ಗಿ ತುಳಿದರೆ ಉಸಿರು ಕಟ್ಟುವುದಿಲ್ಲ. ಲೇಡೀಸ್ ಸೈಕಲ್ಲಿನಲ್ಲಿ ನೆಟ್ಟಗೆ ಕೂತು ಅದೇ ಗಾಳಿಯಲ್ಲಿ ಒಂದು ದಿನ ಹೋಗಿದ್ದೆ, 45 ನಿಮಿಷ ಹಿಡಿಯಿತು.

ಪಂಕ್ಚರ್ ವಿಷಯದಲ್ಲಿ ಹಳೆಯದೇ ಮೇಲು. ಯಾವ ಮೂಲೆಯಲ್ಲಿ ನಿಂತರೂ ಅದರ ಟ್ಯೂಬು ಸಿಗುತ್ತದೆ. ಹೈಬ್ರಿಡ್ಡಿನ ಅಳತೆಯದು ಎಲ್ಲ ಕಡೆ ಇರುವುದಿಲ್ಲ, ಒಂದು ಟ್ಯೂಬು ಯಾವಾಗಲೂ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಕೊಳ್ಳುವಾಗ ಟ್ಯೂಬಿಗೆ ಗಾಳಿ ಹೊಡೆಯುವ ವಾಲ್ವ್ ಯಾವುದು ಅಂತ ನೋಡಿ. ನನ್ನದು ಸ್ಕೂಟರಿಗೆ ಇರುವಂಥದ್ದೇ, ಯಾವ ಪೆಟ್ರೋಲ್ ಬಂಕಿನಲ್ಲಾದರೂ ಗಾಳಿ ಹೊಡೆಸಬಹುದು. 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆಯಿರಿ ಅಂದರೆ ಬಂಕಿನ ಹುಡುಗರು ಹೆದರುತ್ತಾರೆ, ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ತೋರಿಸಿ. ಗಾಳಿ ಕಡಿಮೆಯಿದ್ದರೆ ಎಂಥ ಒಳ್ಳೆ ಸೈಕಲ್ಲೂ ಭಾರವೇ.

ಟ್ರಿಣ್ ಟ್ರಿಣ್ ಇದೆಯಲ್ಲ, ಅದನ್ನೇ ಬಳಸಬಹುದಿತ್ತಲ್ಲ ಅಂತ ಕೇಳಿದವರಿದ್ದಾರೆ. 2017ರಲ್ಲಿ ಮೈಸೂರಿನಲ್ಲಿ ಶುರುವಾದ ಬಾಡಿಗೆ ಸೈಕಲ್ ವ್ಯವಸ್ಥೆ ಅದು. ನಮ್ಮ ಹೆಮ್ಮೆ. ಆದರೆ ಅದನ್ನು ಮಾಡಿರುವುದು ಒಂದು ಸ್ಟ್ಯಾಂಡಿನಿಂದ ಇನ್ನೊಂದಕ್ಕೆ ಹೋಗುವ ಸಣ್ಣ ಓಡಾಟಕ್ಕೆ. ದಿನಾ 16 ಕಿಮೀ ತುಳಿಯುವವರ ಲೆಕ್ಕವೇ ಬೇರೆ.

ಬೆವರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊನೆಯ ಒಂದು ಕಿಲೋಮೀಟರ್ ಬೇಕಂತಲೇ ನಿಧಾನಕ್ಕೆ ತುಳಿಯಿರಿ, ಅಲ್ಲೇ ಅರ್ಧ ಬೆವರು ಆರುತ್ತದೆ. ನನ್ನ ಡ್ರಾಯರಿನಲ್ಲಿ ಒಂದು ಟವೆಲ್, ಎರಡು ಕುರ್ತಾ ಇರುತ್ತದೆ. ಎಂಟು ಗಂಟೆ ಐವತ್ತಕ್ಕೆ ಮನೆ ಬಿಟ್ಟರೆ ಮುಖ ತೊಳೆದು, ಬಟ್ಟೆ ಬದಲಾಯಿಸಿ ಕೂರಲು ಸಮಯ ಸಾಕು. ಹೆಲ್ಮೆಟ್ ಹಾಕಲೇಬೇಕೆಂಬ ಕಾನೂನು ಸೈಕಲ್ಲಿಗಿಲ್ಲ, ನಾನು ಒಂದು ದಿನವೂ ಬಿಡುವುದಿಲ್ಲ.

ನಾಲ್ಕನೆಯದು ಬ್ಯಾಟರಿ ಸೈಕಲ್. ನಮ್ಮ ಆಫೀಸಿನ ಒಬ್ಬ ಹಿರಿಯರದು. ಅವರು 14 ಕಿಮೀ ದೂರದ ಹಳ್ಳಿಯಿಂದ ಬರುತ್ತಾರೆ, ವಯಸ್ಸು 56. ನಾಲ್ಕು ದಿನ ಅದಲುಬದಲು ಮಾಡಿಕೊಂಡೆವು. 26 ನಿಮಿಷ, ಬೆವರೇ ಇಲ್ಲ. ಮೋಟಾರ್ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿಮೀ ದಾಟದೆ ಇದ್ದರೆ ಲೈಸೆನ್ಸ್, ನೋಂದಣಿ ಯಾವುದೂ ಬೇಡ. ಆದರೆ ಬ್ಯಾಟರಿ ಮುಗಿದರೆ ಅದನ್ನು ತುಳಿಯುವುದು ಬಹಳ ಕಷ್ಟ, ನಮ್ಮಂಥವರು ಮೊದಲ ಮಹಡಿಗೆ ಹೊತ್ತುಕೊಂಡು ಹೋಗೋದಂತೂ ಆಗದ ಮಾತು. ನನ್ನ 8 ಕಿಮೀಗೆ ಅದು ಬೇಕಿಲ್ಲ. ಅವರಿಗೆ ಬೇಕು. ನಾಲ್ಕು ದಿನ ನನ್ನ ಹೈಬ್ರಿಡ್ ತುಳಿದು ಬಂದವರು, "ಇದು ನಿನ್ನ ವಯಸ್ಸಿಗೆ ಸರಿ ಕಣಮ್ಮ, ನನ್ನದು ನನಗೆ ಕೊಟ್ಬಿಡು" ಅಂದರು.

ದೂರ ನಾಲ್ಕು ಕಿಮೀ ಒಳಗಿದ್ದು, ದಾರಿಯಲ್ಲಿ ಇಳಿಜಾರು ಇಲ್ಲದಿದ್ದರೆ ನಾನು ಲೇಡೀಸ್ ಸೈಕಲ್ಲನ್ನೇ ಹೇಳುತ್ತೇನೆ. ಮಳೆ ಬಂದ ದಿನ ಬಸ್ಸು ಹತ್ತಿದರಾಯಿತು. ನನ್ನದು ಈಗಲೂ ಮನೆಯಲ್ಲೇ ಇದೆ, ಭಾನುವಾರ ಅದರ ಬುಟ್ಟಿಯಲ್ಲಿ ತರಕಾರಿ ತರುತ್ತೇನೆ. ಪಕ್ಕದ ಮನೆಯ ಹುಡುಗಿ ಈ ವರ್ಷ ಕೆಲಸಕ್ಕೆ ಸೇರಿದ್ದಾಳೆ, ಸರಸ್ವತಿಪುರಂನಲ್ಲಿ. ಸೋಮವಾರದಿಂದ ಒಂದು ವಾರ ತುಳಿದು ನೋಡು ಅಂತ ಬೀಗದ ಕೈ ಕೊಟ್ಟಿದ್ದೇನೆ. ಸೀಟು ಅವಳ ಎತ್ತರಕ್ಕೆ ಸರಿಮಾಡಿದ್ದೂ ಆಯಿತು.