ಮೂರು ಗೀಟಿನ ಅಣ್ಣ

ದೊಡ್ಡಮ್ಮನ ಹೊಸ ಮನೆಯ ಹಾಲ್‌ನಲ್ಲಿ ಟಿವಿಗೆ ಎದುರಿನ ಗೋಡೆ ಖಾಲಿ ಇತ್ತು. ಅಲ್ಲಿಗೆ ಒಂದು ಪೇಂಟಿಂಗ್ ಬೇಕು, ಅದರಲ್ಲಿ ಮಗ ಇರಬೇಕು, ದುಡ್ಡು ಜಾಸ್ತಿ ಹೋಗಬಾರದು. ಇಷ್ಟು ಅವರ ಬೇಡಿಕೆ. ಮಗ ಅಂದ್ರೆ ನನ್ನ ಅಣ್ಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಅಲ್ಲಿ ಒಂದು ಕಾಲುವೆ ದೋಣಿ ಬಾಡಿಗೆಗೆ ಹಿಡಿದು ವಾರವಿಡೀ ಸುತ್ತಿದ್ದ. ಇನ್ನೂರಕ್ಕೂ ಹೆಚ್ಚು ಫೋಟೋ ನನಗೆ ಕಳಿಸಿ, "ನಿನಗೆ ಕಂಪ್ಯೂಟರ್ ಗೊತ್ತುಂಟಲ್ಲ, ಅಮ್ಮನಿಗೆ ಏನಾದರೂ ಮಾಡಿಕೊಡು" ಅಂದ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡುವವಳು. ಮದುಮಗಳ ಮೊಡವೆ ತೆಗೆಯುವುದು, ಊಟದ ಪಂಕ್ತಿಯಲ್ಲಿ ಬಾಯಿ ತೆರೆದ ಮಾವನನ್ನು ಕತ್ತರಿಸುವುದು, ಇದೇ ದಿನದ ಕೆಲಸ. ಫೋಟೋವನ್ನು ಪೇಂಟಿಂಗ್ ಮಾಡುವುದು ಒಂದು ಬಟನ್‌ನ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಮೊದಲು ಸುಲಭದ ದಾರಿ ನೋಡಿದೆ. ಮೊಬೈಲಿನ ಒಂದು ಆ್ಯಪ್. ಹೆಸರು ಬೇಡ. ಹತ್ತು ಸೆಕೆಂಡಿನಲ್ಲಿ ಎಣ್ಣೆಬಣ್ಣದ ಚಿತ್ರ ಬಂತು, ನೋಡಲು ಭರ್ಜರಿ. ಆದರೆ ಅದು ಫೋಟೋದಲ್ಲಿದ್ದ ಸೇತುವೆಗೆ ಇಲ್ಲದ ಕಮಾನು ಸೇರಿಸಿತ್ತು. ದೋಣಿಗೆ ಎರಡು ಕಿಟಕಿ ಜಾಸ್ತಿ ಕೊಟ್ಟಿತ್ತು. ಅಣ್ಣನನ್ನು ಬೆಳ್ಳಗೆ ಮಾಡಿ ಕೆಂಪು ಗಡ್ಡ ಬಿಟ್ಟಿತ್ತು. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, "ಇವ ಯಾರು ಮಾರಾಯ್ತಿ? ದೋಣಿಯ ಓನರಾ?" ಅಂದರು.

ಫೋಟೋಶಾಪ್‌ನಲ್ಲಿ ಆಯಿಲ್ ಪೇಂಟ್ ಫಿಲ್ಟರ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 2012ರಲ್ಲಿ ಸಿಎಸ್6 ಆವೃತ್ತಿಯ ಜೊತೆ ಬಂತು, 2014ರ ಆವೃತ್ತಿಯಲ್ಲಿ ಮಾಯವಾಯಿತು, 2015ರಲ್ಲಿ ಮತ್ತೆ ಬಂತು. ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಅದು ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ, ಅಲ್ಲಿ ಹಗಲೆಲ್ಲ ಮದುವೆ. ಮನೆಯ ಹಳೆಯ ಲ್ಯಾಪ್‌ಟಾಪಿಗೆ ಪುಕ್ಕಟೆ ಸಾಫ್ಟ್‌ವೇರೇ ಗತಿ. ಹಾಗಾಗಿ ಫೋಟೋ ತಿದ್ದುವ ಗಿಂಪ್, ಅದಕ್ಕೆ ಜೋಡಿಸುವ ಫಿಲ್ಟರುಗಳ ಕಂತೆ ಜಿಮಿಕ್, ಕೊನೆಯ ಕೈಗೆಲಸಕ್ಕೆ ಚಿತ್ರ ಬರೆಯುವ ಕ್ರೀಟಾ. ಮೂರಕ್ಕೂ ಒಂದು ಪೈಸೆ ಕೊಡಬೇಕಾಗಿಲ್ಲ. ಗಿಂಪ್ 1996ರಿಂದ ಇದೆ, 2025ರಲ್ಲಿ ಅದರ 3.0 ಬಂತು. ಜಿಮಿಕ್ ಫ್ರಾನ್ಸಿನ ಕಾನ್ ಎಂಬ ಊರಿನ ಒಂದು ಸಂಶೋಧನಾ ಲ್ಯಾಬಿನದು. ಸಿನಿಮಾ ಹಬ್ಬ ನಡೆಯುವ ಕಾನ್ ಅಲ್ಲ, ಇದು ಬೇರೆ.

ಈಗ ದೋಣಿಯ ವಿಷಯ. ಅದು ಗೊತ್ತಿಲ್ಲದೆ ಚಿತ್ರ ಮಾಡಲು ಹೊರಟದ್ದು ನನ್ನ ಮೊದಲ ತಪ್ಪು. ನಮಗೆ ದೋಣಿಮನೆ ಅಂದ್ರೆ ನೀಲೇಶ್ವರದ ಹತ್ತಿರ ಕೋಟಪ್ಪುರದಲ್ಲಿ ಕಾಣುವ ಕೆಟ್ಟುವಳ್ಳಂ. ಹೊಟ್ಟೆ ಅಗಲ, ಬಿದಿರು ಮತ್ತು ಓಲೆಯ ಮಾಡು, ಮೊಳೆ ಇಲ್ಲದೆ ತೆಂಗಿನ ಹುರಿಯಲ್ಲಿ ಹೊಲಿದ ಹಲಗೆ. ಅಣ್ಣನ ದೋಣಿ ಹಾಗಲ್ಲ. ಅಗಲ ಏಳಡಿಗಿಂತ ಸ್ವಲ್ಪ ಕಡಿಮೆ, ಉದ್ದ ಎಪ್ಪತ್ತಡಿಯ ತನಕವೂ ಇರುತ್ತದೆ. ನಮ್ಮ ಮನೆಯ ಜಗಲಿ ಅದಕ್ಕಿಂತ ಅಗಲ. ಯಾಕೆ ಹಾಗೆ ಅಂದರೆ, ಅಲ್ಲಿನ ಕಾಲುವೆಗಳಲ್ಲಿ ನೀರಿನ ಮಟ್ಟ ಏರಿಸಿ ಇಳಿಸುವ ಲಾಕ್‌ಗಳನ್ನು ಸುಮಾರು ಏಳಡಿ ಅಗಲಕ್ಕೆ ಕಟ್ಟಿದರು. ದೋಣಿ ಅದರೊಳಗೆ ತೂರಬೇಕು. ಈ ಅಳತೆ ಹಾಕಿದ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಟ್ರೆಂಟ್ ಆ್ಯಂಡ್ ಮರ್ಸಿ ಕಾಲುವೆಯ ಕೆಲಸ ಶುರು ಮಾಡಿದ್ದು 1766ರಲ್ಲಿ. ತಮಾಷೆ ಏನು ಗೊತ್ತಾ, ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ ಹೈದರಾಲಿಗಾಗಿ ಅಲ್ಲಿನ ಅರಸ ಆಲಿ ರಾಜ ಅಗೆಸಿದ ಸುಲ್ತಾನ್ ತೋಡು ಎಂಬ ಕಾಲುವೆ ಕೂಡ 1766ರದ್ದೇ.

ಆ ದೋಣಿಗಳ ಹಿಂಬದಿಯ ಪುಟ್ಟ ಕೋಣೆಯಲ್ಲಿ ಹಿಂದೆ ಇಡೀ ಸಂಸಾರ ಬದುಕುತ್ತಿತ್ತು. ಅವರು ಬಾಗಿಲಿಗೆ, ನೀರಿನ ಕ್ಯಾನಿಗೆ, ಸಿಕ್ಕಿದ್ದಕ್ಕೆಲ್ಲ ಗುಲಾಬಿ ಹೂ ಮತ್ತು ಕೋಟೆಯ ಚಿತ್ರ ಬರೆಯುತ್ತಿದ್ದರು. ಈಗಲೂ ಬರೆಯುತ್ತಾರೆ. ನಮ್ಮ ಲಾರಿಗಳ ಹಿಂದೆ ತಾವರೆ, ನವಿಲು ಇರುತ್ತದಲ್ಲ, ಹಾಗೆ. ಒಂದು ಎಸಳಿಗೆ ಒಂದೇ ಗೀಟು, ಬ್ರಶ್ ಎತ್ತಿದರೆ ಮುಗಿಯಿತು.

ಇಲ್ಲೇ ಫಿಲ್ಟರ್ ಮೊದಲು ಮುಗ್ಗರಿಸಿದ್ದು. ಗಿಂಪ್‌ನ ಆಯಿಲಿಫೈ ತೆಗೆದುಕೊಂಡೆ. ಅದು ಪ್ರತಿ ಚುಕ್ಕೆಯ ಸುತ್ತ ಒಂದು ವೃತ್ತ ಎಳೆದು, ಆ ವೃತ್ತದೊಳಗೆ ಯಾವ ಬಣ್ಣ ಜಾಸ್ತಿ ಇದೆಯೋ ಅದನ್ನೇ ಅಲ್ಲಿ ಬಳಿಯುತ್ತದೆ. ಒಂಥರಾ ಪಂಚಾಯತ್ ಎಲೆಕ್ಷನ್. ಬಹುಮತದ ಹಸಿರು ಗೆದ್ದಿತು, ಸಣ್ಣ ಗುಲಾಬಿ ಎಸಳು ಠೇವಣಿ ಕಳಕೊಂಡಿತು. ಯಾರೋ ಕೈಯಾರೆ ಬರೆದ ಹೂವನ್ನು ಅಳಿಸಿ, ಅದರ ಮೇಲೆ ಯಂತ್ರದ 'ಪೇಂಟಿಂಗ್' ಹಾಕಿದ ಹಾಗಾಯಿತು. ಮಾಸ್ಕ್ ಹಾಕಿ ಆ ಬಾಗಿಲು ಮತ್ತು ಮಾಡಿನ ಮೇಲಿನ ಕ್ಯಾನನ್ನು ಹೊರಗೆ ಬಿಟ್ಟೆ. ಮೇಲಿನ ಪದರ, ಅಂದ್ರೆ ಲೇಯರ್‌ನಲ್ಲಿ ಎಣ್ಣೆಬಣ್ಣ, ಕೆಳಗಿನದರಲ್ಲಿ ಮೂಲ ಫೋಟೋ, ಮಾಸ್ಕಿಗೆ ಕಪ್ಪು ಬಳಿದಲ್ಲೆಲ್ಲ ಕೆಳಗಿನದು ಇಣುಕುತ್ತದೆ. ಇಡೀ ಚಿತ್ರದಲ್ಲಿ ತುಂಬಾ ಪೇಂಟಿಂಗ್‌ನ ಹಾಗೆ ಕಾಣುವ ಜಾಗ ಈಗಲೂ ಅದೇ, ನಾನು ಮುಟ್ಟದೆ ಬಿಟ್ಟದ್ದು.

ಎರಡನೇ ಪಾಠ ಅಳತೆಯದು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು. ಅಣ್ಣನ ಫೋಟೋ 4000 ಪಿಕ್ಸೆಲ್, ಅಂದ್ರೆ ಅಷ್ಟು ಚುಕ್ಕೆ, ಅಗಲ. ಅದಕ್ಕೆ ಫಿಲ್ಟರ್ ಹಾಕಿದರೆ ಏನೂ ಆದ ಹಾಗೆ ಕಾಣುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಮಾತ್ರ ಎಣ್ಣೆಬಣ್ಣ, ದೂರದಿಂದ ಅದೇ ಫೋಟೋ, ಸ್ವಲ್ಪ ಮಸುಕು. ಯಾಕಂದ್ರೆ ಬ್ರಶ್ಶಿನ ಗಾತ್ರ ಪಿಕ್ಸೆಲ್ ಲೆಕ್ಕದಲ್ಲಿರುತ್ತದೆ. 8 ಪಿಕ್ಸೆಲ್ ಬ್ರಶ್ಶಿಗೆ 4000 ಪಿಕ್ಸೆಲ್ ಗೋಡೆ ಅಂದ್ರೆ ಹಲ್ಲುಜ್ಜುವ ಬ್ರಶ್ಶಲ್ಲಿ ಕಾಂಪೌಂಡ್‌ಗೆ ಸುಣ್ಣ ಬಳಿದ ಹಾಗೆ. ಕೊನೆಗೆ ನಾನು ಮಾಡಿದ್ದು ಇಷ್ಟು. ಫೋಟೋವನ್ನು 1800 ಗುಣಿಸು 1200ಕ್ಕೆ ಇಳಿಸಿದೆ, ಅದರ ಮೇಲೆ ಪೇಂಟ್ ಮಾಡಿಸಿದೆ, ಆಮೇಲೆ ಎರಡು ಪಾಲು ದೊಡ್ಡದು ಮಾಡಿ 3600 ಗುಣಿಸು 2400ಕ್ಕೆ ತಂದೆ. 24 ಇಂಚು ಅಗಲ, 16 ಇಂಚು ಎತ್ತರದ ಪ್ರಿಂಟಿಗೆ ಇಂಚಿಗೆ 150 ಪಿಕ್ಸೆಲ್ ಸಿಕ್ಕಿತು. ಸಾಮಾನ್ಯ ಫೋಟೋವನ್ನು ಹೀಗೆ ಎಳೆದರೆ ಹಾಳಾಗುತ್ತದೆ. ಇಲ್ಲಿ ಸೂಕ್ಷ್ಮ ವಿವರ ಮೊದಲೇ ಹೋಗಿರುವುದರಿಂದ ಗೊತ್ತೇ ಆಗುವುದಿಲ್ಲ. ಕ್ಯಾನ್ವಾಸಿನ ನೇಯ್ಗೆಯ ಛಾಯೆ ಬೇಕಿದ್ದರೆ ಅದನ್ನು ಮಾತ್ರ ದೊಡ್ಡದು ಮಾಡಿದ ಮೇಲೆಯೇ ಹಾಕಿ.

ಜಿಮಿಕ್‌ನಲ್ಲಿ 500ಕ್ಕೂ ಜಾಸ್ತಿ ಫಿಲ್ಟರ್ ಇವೆ. ಅರ್ಧ ದಿನ ಸುಮ್ನೆ ಪಟ್ಟಿ ನೋಡಿಯೇ ಕಳೆದೆ. ನನಗೆ ಕೆಲಸಕ್ಕೆ ಬಂದದ್ದು ಎರಡು.

ಒಂದು ಕುವಹಾರ. 1976ರಲ್ಲಿ ಕುವಹಾರ ಮತ್ತು ಜೊತೆಗಾರರು ಹೃದಯದ ವೈದ್ಯಕೀಯ ಚಿತ್ರಗಳನ್ನು ಶುದ್ಧ ಮಾಡಲಿಕ್ಕೆ ಹುಡುಕಿದ ಉಪಾಯ ಇದು. ಪ್ರತಿ ಚುಕ್ಕೆಯ ಸುತ್ತ ನಾಲ್ಕು ಚೌಕ ನೋಡುತ್ತದೆ. ಯಾವ ಚೌಕದಲ್ಲಿ ಏರುಪೇರು ಕಡಿಮೆಯೋ ಅದರ ಸರಾಸರಿ ಬಣ್ಣ ಹಾಕುತ್ತದೆ. ಅಂಚು ಉಳಿಯುತ್ತದೆ, ಒಳಗಿನ ಗಲಾಟೆ ಅಡಗುತ್ತದೆ. ಇಟ್ಟಿಗೆಯ ಸೇತುವೆಗೆ ಇದನ್ನು ಹಾಕಿದೆ. ಒಂದೊಂದು ಇಟ್ಟಿಗೆ ಕಾಣುವುದಿಲ್ಲ, ಆದರೆ ಇಟ್ಟಿಗೆಯದ್ದೇ ಅಂತ ಗೊತ್ತಾಗುತ್ತದೆ. ಬೇಕಾದದ್ದು ಅದೇ ಅಲ್ವಾ.

ಇನ್ನೊಂದು ಬ್ರಶಿಫೈ. ಇದು ನಿಜವಾಗಿ ಒಂದೊಂದೇ ಗೀಟು ಎಳೆದು ಚಿತ್ರ ಕಟ್ಟುತ್ತದೆ. ಬ್ರಶ್ಶಿನ ಆಕಾರ, ದೊಡ್ಡ ಗಾತ್ರ, ಸಣ್ಣ ಗಾತ್ರ, ಎಷ್ಟು ದಿಕ್ಕು, ಎಷ್ಟು ಒತ್ತಾಗಿ, ಎಲ್ಲವೂ ನಮ್ಮ ಕೈಯಲ್ಲಿ. ಗೀಟುಗಳು ಚಿತ್ರದ ಅಂಚನ್ನೇ ಹಿಡಿದು ಹೋಗುವ ಹಾಗೆಯೂ ಮಾಡಬಹುದು. ನೀರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಸೇತುವೆಯ ನೆರಳು ನೀರಿನಲ್ಲಿ ಒಡೆದು ಅಡ್ಡಡ್ಡ ಗೀಟಾಗಿ ಬಂದಾಗ ನಾನೇ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತೆ. ಆದರೆ ತಾಳ್ಮೆ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರಿವ್ಯೂಗೆ ಬೆಳ್ತಿಗೆ ಅಕ್ಕಿ ಬೇಯುವಷ್ಟು ಹೊತ್ತು, ಪೂರ್ತಿ ಚಿತ್ರಕ್ಕೆ ಕುಚ್ಚಲಕ್ಕಿ ಬೇಯುವಷ್ಟು. ಇನ್ನೊಂದು ಮಾತು. ಗಿಂಪ್ 3.0ರಲ್ಲಿ ಅದರದ್ದೇ ಆದ ಫಿಲ್ಟರುಗಳನ್ನು ಆಮೇಲೆ ತೆರೆದು ತಿದ್ದಬಹುದು. ಜಿಮಿಕ್‌ನದ್ದು ಹಾಗಲ್ಲ, ಒಮ್ಮೆ ಹಾಕಿದರೆ ಲೇಯರಿಗೆ ಅಂಟಿಕೊಳ್ಳುತ್ತದೆ. ಪ್ರತಿ ಸಲ ಲೇಯರಿನ ನಕಲು ಮಾಡಿಯೇ ಹಾಕಿ. ನಾನು ಮರೆತಿದ್ದೆ. ಅದೇ ಸಂಜೆ ಕರೆಂಟೂ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು.

ಸುಮ್ನೆ ಹೋಲಿಸಲು ಕೋಟಪ್ಪುರದಲ್ಲಿ ನಾನೇ ತೆಗೆದ ಒಂದು ಕೆಟ್ಟುವಳ್ಳಂ ಫೋಟೋಗೂ ಇದನ್ನೇ ಹಾಕಿ ನೋಡಿದೆ. ಓಲೆ ಮಾಡು, ಹುರಿ, ತೆಂಗಿನ ಗರಿ ಎಲ್ಲ ಮೊದಲೇ ಗೀಟುಗೀಟಾಗಿ ಇರುವುದರಿಂದ ಮೊದಲ ಸಲಕ್ಕೇ ಚೆನ್ನಾಗಿ ಬಂತು. ಅಣ್ಣನ ದೋಣಿಯ ಮೈ ನಯವಾದ ಕಬ್ಬಿಣ, ಮೇಲೆ ಒಂದೇ ಬಣ್ಣ. ಬ್ರಶಿಫೈ ಅಲ್ಲಿ ಏನು ಮಾಡಬೇಕು ಅಂತ ಗೊತ್ತಾಗದೆ ಗುರಿಯಿಲ್ಲದ ಗೀಟು ಹಾಕಿತು. ದೊಡ್ಡಮ್ಮನ ಮಾತಲ್ಲಿ ಹೇಳುವುದಾದರೆ "ದೋಣಿಗೆ ಕೆಪ್ಪಟರಾಯ ಬಂದ ಹಾಗೆ", ಅಂದ್ರೆ ಮಂಗನಬಾವು. ಆ ಭಾಗವನ್ನೂ ಕುವಹಾರದಲ್ಲೇ ಮಾಡಿದೆ.

ಇಷ್ಟೆಲ್ಲ ಆದ ಮೇಲೆ ಅಣ್ಣ. ಅವನು ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದಾನೆ. ಇಳಿಸಿದ ಚಿತ್ರದಲ್ಲಿ ಅವನ ಮುಖ 40 ಪಿಕ್ಸೆಲ್ ಅಗಲ. ಬ್ರಶ್ 14. ಲೆಕ್ಕ ಹಾಕಿ, ಮೂರು ಗೀಟಿಗೆ ಅಣ್ಣ ಮುಗಿದ. ಒಂದು ಕಂದು ಗೀಟು, ಅದರ ಮೇಲೊಂದು ಕಪ್ಪು, ಬದಿಗೆ ಸ್ವಲ್ಪ ಬಿಸಿಲು. ನಿಜ ಹೇಳಬೇಕಂದ್ರೆ ಚಿತ್ರವಾಗಿ ಅದು ಸರಿಯೇ ಇತ್ತು. ಆದರೆ ಗೋಡೆ ನನ್ನದಲ್ಲ.

ಮುಖವನ್ನು ಮಾಸ್ಕ್ ಮಾಡಿ ಫೋಟೋದ್ದೇ ಬಿಟ್ಟು ನೋಡಿದೆ. ಗುಲಾಬಿಗೆ ಒಪ್ಪಿದ ಉಪಾಯ ಮುಖಕ್ಕೆ ಒಪ್ಪಲಿಲ್ಲ. ಜಾತ್ರೆಯಲ್ಲಿ ಬೋರ್ಡಿನ ತೂತಿನಿಂದ ತಲೆ ಹಾಕಿ ಫೋಟೋ ತೆಗೆಸಿಕೊಂಡವನ ಹಾಗೆ ಕಂಡ. ಕುವಹಾರವನ್ನು ತೀರಾ ಸಣ್ಣ ಗಾತ್ರದಲ್ಲಿ ಮುಖಕ್ಕೆ ಮಾತ್ರ ಹಾಕಿದೆ. ಪರವಾಗಿಲ್ಲ, ಆದರೆ ಮುಖ ಮೇಣದ ಹಾಗಾಯಿತು. ಕೊನೆಗೆ ಕ್ರೀಟಾ ತೆರೆದೆ. ಕ್ರೀಟಾ ಅಂದ್ರೆ ಸ್ವೀಡಿಶ್ ಭಾಷೆಯಲ್ಲಿ ಸೀಮೆಸುಣ್ಣ. ಅದರ ಸ್ಮಜ್ ಬ್ರಶ್ ಬಣ್ಣವನ್ನು ಬೆರಳಲ್ಲಿ ಉಜ್ಜಿದ ಹಾಗೆ ಎಳೆಯುತ್ತದೆ. ಮೂಲ ಫೋಟೋ ಪಕ್ಕದಲ್ಲಿಟ್ಟು ಹುಬ್ಬು, ಮೂಗಿನ ನೆರಳು, ಗಲ್ಲ, ಇಷ್ಟನ್ನು ಕೈಯಲ್ಲೇ ಎಳೆದೆ. ಮೌಸಿನಲ್ಲಿ ಇದು ಆಗುವ ಕೆಲಸ ಅಲ್ಲ. ಆಲ್ಬಮ್ ಕೆಲಸಕ್ಕೆ ತಂದ ಪೆನ್ ಟ್ಯಾಬ್ಲೆಟ್ ಇದ್ದದ್ದು ಬಚಾವ್. ಎರಡು ರಾತ್ರಿ ಹೋಯಿತು. ಆಲ್ಬಮ್ ಕೆಲಸದಲ್ಲಿ ಎರಡು ರಾತ್ರಿಗೆ ಮೂರು ಮದುಮಗಳಂದಿರನ್ನು ಮುಗಿಸುತ್ತೇನೆ.

ಹಾಗಾದರೆ ಕೊಂಡುಕೊಳ್ಳಬೇಕಾ, ಅಂದ್ರೆ ಇಳಿಸಿಕೊಳ್ಳಬೇಕಾ? ನೀರು, ಕಲ್ಲು, ಮರ, ಮಾಡು ಇರುವ ಫೋಟೋ ಆದರೆ ಗಿಂಪ್ ಮತ್ತು ಜಿಮಿಕ್ ಸಾಕು, ದುಡ್ಡಿನ ಸಾಫ್ಟ್‌ವೇರಿನ ಅಗತ್ಯ ನನಗೆ ಬೀಳಲಿಲ್ಲ. ಸಣ್ಣದಾಗಿ ಮನುಷ್ಯರು ನಿಂತಿದ್ದರೆ ಕೈ ಹಾಕುವ ಮೊದಲು ಆ ಮನುಷ್ಯನ ಅಮ್ಮನನ್ನು ಕೇಳಿ. ತಕ್ಷಣ ಫಲ ಬೇಕು ಅನ್ನುವವರಿಗೆ ಇದು ಹೇಳಿದ್ದಲ್ಲ. ಗಿಂಪ್‌ನ ಮೆನು ನೋಡಿ ಮೊದಲ ದಿನ ತಲೆ ಸುತ್ತುವುದು ಸಹಜ.

ಪ್ರಿಂಟಿನದ್ದು ಬೇರೆಯೇ ಕತೆ. ಕಾಸರಗೋಡಿನಲ್ಲಿ ಫ್ಲೆಕ್ಸ್ ಮಾಡುವ ಒಂದು ಕಡೆ ಕ್ಯಾನ್ವಾಸಿನಲ್ಲೂ ಪ್ರಿಂಟ್ ಮಾಡಿಕೊಡುತ್ತಾರೆ. ಮೊದಲ ಪ್ರಿಂಟ್ ಕೈಗೆ ಬಂದಾಗ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮ ಮಳೆಗಾಲದ ಕರ್ಕಾಟಕ ಮಾಸದ ಸಂಜೆ ಏಳು ಗಂಟೆ. ಅಷ್ಟು ಕಪ್ಪು. ಹುಡುಗನ ಹತ್ತಿರ ಮಲಯಾಳದಲ್ಲಿ ಕೇಳಿದರೆ, "ಚೇಚಿ, ಫೈಲ್ ಹಾಗೇ ಉಂಟು" ಅಂದ. ತಪ್ಪು ಅರ್ಧ ನನ್ನದೇ. ರಾತ್ರಿ ಕೆಲಸ ಮಾಡುವಾಗ ಸ್ಕ್ರೀನಿನ ಬೆಳಕು ಪೂರ್ತಿ ಏರಿಸಿಟ್ಟಿದ್ದೆ. ಸ್ಕ್ರೀನ್ ತಾನೇ ಬೆಳಗುತ್ತದೆ, ಕ್ಯಾನ್ವಾಸ್ ಬೆಳಗುವುದಿಲ್ಲವಲ್ಲ. ಮನೆಗೆ ಬಂದು ಸ್ಕ್ರೀನಿನ ಬೆಳಕು ಅರ್ಧಕ್ಕೆ ಇಳಿಸಿ, ನಡುವಿನ ಬಣ್ಣಗಳನ್ನು ಬೆಳಕು ತಿದ್ದುವ ಕರ್ವ್ಸ್‌ನಲ್ಲಿ ಎತ್ತಿ, ಎ4 ಗಾತ್ರದ ಒಂದು ತುಂಡು ಮಾತ್ರ ಮೊದಲು ಮಾಡಿಸಿದೆ. ಅದು ಸರಿ ಕಂಡ ಮೇಲೆ ಪೂರ್ತಿ. ನೀವು ಮಾಡಿಸುವುದಾದರೆ ಆ ತುಂಡಿನಿಂದಲೇ ಶುರು ಮಾಡಿ.

ಮರದ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆವು. ನೀರು ಚೆನ್ನಾಗಿದೆ, ಸೇತುವೆ ಚೆನ್ನಾಗಿದೆ, ಬಾಗಿಲಿನ ಗುಲಾಬಿ ಸೋಫಾದಿಂದಲೇ ಕಾಣುತ್ತದೆ. ದೊಡ್ಡಮ್ಮ ಹತ್ತಿರ ಹೋಗಿ ನೋಡಿದರು. ಮೂರು ಹೆಜ್ಜೆ ಹಿಂದೆ ಬಂದು ನೋಡಿದರು. "ಚಂದ ಉಂಟು" ಅಂದರು. ಮತ್ತೆ ಹತ್ತಿರ ಹೋಗಿ, "ಇವ ನಗುವುದಾ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾ?" ಅಂತ ಕೇಳಿದರು. ನಾನೇ ಎಳೆದ ಮುಖ, ನನಗೂ ಉತ್ತರ ಗೊತ್ತಿರಲಿಲ್ಲ.

ಮುಂದಿನ ವಾರ ಹೋದಾಗ ಚೌಕಟ್ಟಿನ ಕೆಳಗಿನ ಮೂಲೆಯಲ್ಲಿ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಸಿಕ್ಕಿಸಿದ್ದರು. ಅಣ್ಣ ವೀಸಾಗೆ ತೆಗೆಸಿದ್ದು, ಬಿಳಿ ಗೋಡೆ, ನಗು ಇಲ್ಲ, ಎರಡೂ ಕಿವಿ ಕಾಣುತ್ತದೆ. ಅದು ಸರಿಯಾಗಿ ಕ್ಯಾನಿನ ಗುಲಾಬಿಯ ಮೇಲೆಯೇ ಕೂತಿತ್ತು.