ಹಳೇ ಯೆಜ್ಡಿ ರೋಡ್‌ಕಿಂಗ್: ಹನ್ನೊಂದು ವರ್ಷ ಓಡಿಸಿದ ಮೇಲೆ

ಲಾಂಗ್ ರೈಡಿಗೆ ಹಳೇ ಬೈಕ್ ಯಾವ್ದು ತಗೊಳ್ಲಿ ಅಂತ ಕೇಳೋರಿಗೆ ಬರೀತಿದೀನಿ. ನನ್ದು 1988ರ ರೋಡ್‌ಕಿಂಗ್, ಮೀಟರ್ ಕೇಬಲ್ ಎರಡು ಸಲ ಕಟ್ಟಾಗಿದೆ, ಸೋ ಕಿಲೋಮೀಟರ್ ಲೆಕ್ಕ ಕೇಳ್ಬೇಡಿ. ತಗೊಳ್ಳೋವಾಗ ಕಾಸ್ಟ್ ಐರನ್ ಎಂಜಿನ್ನಿನ ಒಂದು ಹಳೇ ಬುಲೆಟ್ಟೂ ನೋಡಿದ್ದೆ, ದಿನಕ್ಕೆ 400 ಕಿಮೀ ಕೂರೋಕೆ ಅದೇ ಆರಾಮು, ಸುಳ್ಳು ಹೇಳಲ್ಲ. ಆದ್ರೆ ನಾನು ಮೈಸೂರಿನವನು, ಇಲ್ಲಿನ ಯಾದವಗಿರಿಯ ಯೆಜ್ಡಿ ಫ್ಯಾಕ್ಟರಿ 1996ರಲ್ಲೇ ಮುಚ್ಚಿದ್ರೂ ಅಲ್ಲಿ ಪಳಗಿದ ಕೈಗಳು ಇನ್ನೂ ಊರಲ್ಲೇ ಇವೆ, ಕ್ರ್ಯಾಂಕ್ ಬಿಚ್ಚಿ ಕಟ್ಟೋರು ಮನೆಯಿಂದ ಎರಡು ಕಿಲೋಮೀಟರಲ್ಲಿ ಸಿಗ್ತಾರೆ, ಅದಕ್ಕೇ ಇದು. ನಿಮ್ಮೂರಲ್ಲಿ ಒಳ್ಳೆ ಬುಲೆಟ್ ಮೇಸ್ತ್ರಿ ಇದ್ರೆ ಕಣ್ಮುಚ್ಕೊಂಡು ಬುಲೆಟ್ಟೇ ತಗೊಳ್ಳಿ.

250 ಸಿಸಿ ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ, ರೋಡ್ ಸೈಡಲ್ಲಿ ಕೂತು ನಾನೇ ಹೆಡ್ ಬಿಚ್ಚಿದೀನಿ. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲೆ ತಿರುಗಿಸಿದ್ರೆ ಅದೇ ಕಿಕ್ಕರ್, ಗೊತ್ತಿಲ್ದಿರೋರು ಕಿಕ್ಕರ್ ಎಲ್ಲಿ ಅಂತ ಗಾಡಿ ಸುತ್ತಾ ಹುಡುಕ್ತಾರೆ (ಕಳ್ಳರೂ ಅಷ್ಟೇ ಅನ್ಕೊಂಡಿದೀನಿ).

ಇದ್ರ ಜೊತೆ ಬಾಳೋದು ಅಂದ್ರೆ ಆಯಿಲ್ ಜೊತೆ ಬಾಳೋದು. ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂಟಿ (ಪೆಟ್ರೋಲಲ್ಲೇ ಕಲಸೋ ಟೂ ಸ್ಟ್ರೋಕ್ ಆಯಿಲ್) ನಾನು ಹಾಕೋದು, ಮೈಲೇಜ್ 28ರ ಹತ್ರ, ಲೇಹ್‌ಗೆ ಹೋಗಿ ಬರೋಕೆ ಒಂಬತ್ತು ಲೀಟರ್ ಮೇಲೆ ಆಯಿಲ್ಲೇ ಬೇಕಾಯ್ತು. ಪ್ರತಿ ಬಂಕಲ್ಲೂ ಮೆಷರ್ ಕಪ್ ತೆಗ್ದು, ಸುರಿದು, ಗಾಡಿ ಆ ಕಡೆ ಈ ಕಡೆ ಅಲ್ಲಾಡಿಸ್ಬೇಕು, ಹಿಂದಿರೋರು ಹಾರ್ನ್ ಹೊಡೀತಿರ್ತಾರೆ.

ಮೊದಲನೇ ವರ್ಷ ಆಗುಂಬೆ ಘಾಟಿ ಇಳೀವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಇಳಿಸ್ಕೊಂಡು ಬಂದೆ, ಫೋರ್ ಸ್ಟ್ರೋಕ್ ಅಭ್ಯಾಸ ನೋಡಿ, ಏಳೋ ಎಂಟೋ ತಿರುವಿಗೆ ಹಿಂದಿನ ಚಕ್ರ ಕಿರ್ರ್ ಅಂತ ನಿಂತೇಹೋಯ್ತು. ಸೀಜ್, ಅಂದ್ರೆ ಪಿಸ್ಟನ್ ಸಿಲಿಂಡರೊಳಗೇ ಕಚ್ಕೊಂಡು ನಿಂತಿತ್ತು. ಪಿಸ್ಟನ್ನಿಗೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತೆ, ಥ್ರಾಟಲ್ ಮುಚ್ಚಿದ್ರೆ ಪೆಟ್ರೋಲೂ ಇಲ್ಲ ಆಯಿಲ್ಲೂ ಇಲ್ಲ, ಎಂಜಿನ್ ಮಾತ್ರ ಗಿರ್ರಂತ ತಿರುಗ್ತಿರುತ್ತೆ. ತಪ್ಪು ನನ್ದೇ. ಅರ್ಧ ಗಂಟೆ ಮಂಗಗಳ ಜೊತೆ ಕೂತಿದ್ಮೇಲೆ ಕಿಕ್ಕರ್ ಬಿಡ್ತು. ಈಗ ಇಳಿಜಾರಲ್ಲಿ ಆಗಾಗ ಕ್ಲಚ್ ಹಿಡ್ದು ಒಂದೊಂದು ಸಲ ರೇಸ್ ಕೊಡ್ತೀನಿ. ಡ್ರಮ್ ಬ್ರೇಕ್ ಬೇರೆ, ಲೋಡ್ ಇದ್ರೆ ಮೊದ್ಲೇ ಸ್ಲೋ ಮಾಡ್ಲೇಬೇಕು.

ಮನಾಲಿ–ಲೇಹ್ ರೋಡಲ್ಲಿ ತಾಂಡಿ ಬಂಕ್ ಹತ್ರ ಮುಂದಿನ ಪೆಟ್ರೋಲ್ 365 ಕಿಮೀ ಅಂತ ಬೋರ್ಡಿತ್ತು, ಫುಲ್ ಟ್ಯಾಂಕ್ ಮೇಲೆ ಐದು ಲೀಟರಿಂದು ಒಂದು ಕ್ಯಾನ್ ಕಟ್ಕೊಂಡಿದ್ದೆ. ಬಾರಾಲಾಚಾ ಹತ್ತೋವಾಗ ಗಾಳಿ ತೆಳುವಾಗಿ ಮಿಕ್ಸ್ಚರ್ ರಿಚ್ ಆಯ್ತು (ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ), ಪ್ಲಗ್ ಕಪ್ಪಾಗಿ ಒದ್ದೆ. ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ನೀಡಲ್ ಒಂದು ಗೀರು ಇಳಿಸಿದ್ಮೇಲೆ ಗಾಡಿ ಉಸಿರು ಬಿಡ್ತು. ಕೆಳಗೆ ಬಂದಾಗ ಮರೀದೆ ವಾಪಸ್ ಏರಿಸ್ಬೇಕು, ಇಲ್ಲಾಂದ್ರೆ ಮತ್ತೆ ಸೀಜ್.

ಉತ್ತರಕ್ಕೆ ಹೋಗೋರು ಡೆಲ್ಲಿ ಬಿಟ್ಟು ಬಿಕಾನೇರ್, ಬಟಿಂಡಾ ಕಡೆಯಿಂದ ಹೋಗಿ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಮೇಲೆ ಡೆಲ್ಲೀಲಿ 2014ರಿಂದ ತಕರಾರು ನಡೀತಾನೇ ಇದೆ, ಸೀಜ್ ಆಗೋದು ಪಿಸ್ಟನ್ ಒಂದೇ ಸಾಕು, ಗಾಡೀನೇ ಸೀಜ್ ಆಗೋದು ಬೇಡ.

2022ರಲ್ಲಿ ಯೆಜ್ಡಿ ಹೆಸರಲ್ಲಿ ಬಂದಿರೋ ಬೈಕುಗಳು ಫೋರ್ ಸ್ಟ್ರೋಕು, ಲಿಕ್ವಿಡ್ ಕೂಲ್ಡು, ಅವಕ್ಕೂ ಇದಕ್ಕೂ ಹೆಸರು ಬಿಟ್ರೆ ಸಂಬಂಧ ಇಲ್ಲ.

ಹಳೇದೇ ತಗೋತೀರಾ? ಬೆಳಿಗ್ಗೆ ತಣ್ಣಗಿರೋವಾಗ ಹೋಗಿ ನೀವೇ ಸ್ಟಾರ್ಟ್ ಮಾಡಿ. ಬಿಸಿ ಆದ್ಮೇಲೂ ಬಿಳಿ ಹೊಗೆ ನಿಲ್ದೇ ಇದ್ರೆ, ಗೇರ್ ಆಯಿಲ್ಲೂ ಕಮ್ಮಿ ಆಗ್ತಿದ್ರೆ, ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ ಅಂತ ಲೆಕ್ಕ, ಅಂದ್ರೆ ಎಂಜಿನ್ ಇಳಿಸೋ ಕೆಲ್ಸ, ಅಷ್ಟು ರೇಟಲ್ಲಿ ಮುರೀರಿ. ಆರ್‌ಸಿ ರಿನ್ಯೂ ಆಗಿದೆಯಾ ನೋಡಿ, 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ಮಾಡಿಸ್ಬೇಕು. ಎಂಜಿನ್ ನಂಬರ್ ಮೇಲೆ ಗ್ರೀಸ್ ಮೆತ್ತಿದ್ರೆ ಪೆಟ್ರೋಲ್ ಬಟ್ಟೇಲಿ ಒರೆಸಿ ಆರ್‌ಸಿ ಪಕ್ಕ ಇಟ್ಕೊಂಡು ಓದಿ, ಮಾರೋನು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ.