ಮೂಗು ತೊಳೆಯುವ ಬಾಟಲಿ: ಈಜುವವರಿಗೆ ಕೊಳ್ಳಬಹುದೇ?

ಬಳ್ಳಾರಿ ಬಿಸಿಲಿಗೆ ಈಜುಕೊಳಕ್ಕೆ ಇಳಿದವರಿಗೆ ಸಂಜೆ ಮೂಗು ಕಟ್ಟಿ ಹಣೆ ಭಾರವಾಗುವುದು ಹೊಸತಲ್ಲ. ಕ್ಲೋರಿನ್ ಬೆವರು, ಮೂತ್ರದ ಜತೆ ಸೇರಿ ಹುಟ್ಟುವ ಕ್ಲೋರಮೈನ್ ಮೂಗಿನ ಒಳಪೊರೆಯನ್ನು ಕೆರಳಿಸುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ 240 ಮಿಲಿ ಹಿಂಡುವ ಬಾಟಲಿ, ಉಪ್ಪಿನ ಪುಡಿಯ ಪೊಟ್ಟಣಗಳಿರುವ ಕಿಟ್ ಇದಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಎಡವಟ್ಟಾಗುವುದು ನೀರಿನಲ್ಲಿ. ನಲ್ಲಿ, ಬೋರ್‌ವೆಲ್, ಕಾಲುವೆ ನೀರನ್ನು ಹಾಗೇ ಹಾಕಲೇಬಾರದು. ಅದರಲ್ಲಿ ನೆಗ್ಲೇರಿಯಾ ಅಮೀಬಾ ಇದ್ದರೆ ಮೂಗಿನಿಂದ ಮಿದುಳಿಗೇ ಏರುತ್ತದೆ. ಅಪರೂಪ, ಆದರೆ ಬಹುತೇಕ ಪ್ರಾಣಾಂತಿಕ. ಕ್ಯಾನ್ ನೀರಾದರೂ ಸರಿ, ಮರಳಿದ ಮೇಲೆ ಒಂದು ನಿಮಿಷ ಕುದಿಸಿ, ಉಗುರುಬೆಚ್ಚಗಾದಾಗ ಬಳಸಿ. ಜಿಪುಣತನಕ್ಕೆ ಅರ್ಧ ಪೊಟ್ಟಣ ಹಾಕಿದರೆ ಮೂಗು ಉರಿಯುತ್ತದೆ: ಲವಣ ಸುಮಾರು 0.9% ಇರಬೇಕು, ಅಂದರೆ 240 ಮಿಲಿಗೆ ಎರಡು ಗ್ರಾಂ ಚಿಲ್ಲರೆ.

ಸಿಂಕ್ ಮೇಲೆ ಬಾಗಿ, ಬಾಯಿ ತೆರೆದು ಉಸಿರಾಡುತ್ತ ಮೆಲ್ಲಗೆ ಹಿಂಡಿ. ಜೋರಾಗಿ ಹಿಂಡಿದರೆ ಕಿವಿ ಗುಂಯ್ ಎನ್ನುತ್ತದೆ. ಮೂಗು ಪೂರಾ ಬಿಗಿದಿದ್ದರೆ ಒತ್ತಾಯ ಬೇಡ.

ಬಾಟಲಿಯ ಒಂದು ಕೊರತೆ, ಕಿರಿದಾದ ಮೂತಿ ಬೇಗ ಒಣಗುವುದಿಲ್ಲ; ತೊಳೆದು ಬಿಚ್ಚಿಡಿ. ಮೂರು ತಿಂಗಳಿಗೊಮ್ಮೆ ಬದಲಿಸಿ. ಕ್ಸೈಲೋಮೆಟಾಜೊಲಿನ್ ಸ್ಪ್ರೇ ಇದಕ್ಕಿಂತ ಬೇಗ ಮೂಗು ಬಿಡಿಸುತ್ತದೆ ನಿಜ, ಆದರೆ ಐದು ದಿನ ದಾಟಿದರೆ ಅದೇ ಮೂಗು ಕಟ್ಟಿಸುತ್ತದೆ. ಈಜುವಾಗ ಮೂಗಿಗೆ ಕ್ಲಿಪ್ ಹಾಕಿದರೆ ಅರ್ಧ ಕಾಟ ಅಲ್ಲೇ ತಪ್ಪೀತು.